ವಿಶ್ರಾಂತಿ ವೇತನದವಳು ಬೆಂಗ್ರೆಯ ದೋಣಿ ಹತ್ತಿದ್ದರ ಕುರಿತು

ದೇರೆಬೈಲ್, ಮಂಗಳೂರು
ಸೆಪ್ಟೆಂಬರ್ ೧೯೬೧

ವಿಶ್ರಾಂತಿ ವೇತನ ಮಂಜೂರು ಮಾಡುವ ಮಾನ್ಯರೇ,

ನಾನು ಯಾವ ಕೆಲಸಕ್ಕೂ ಬಾರದವಳು ಎಂದು ಸರಕಾರ ೧೯೫೭ರಲ್ಲಿ ತೀರ್ಮಾನಿಸಿತು. ನಾನು ಕೆಲಸ ಮಾಡಿದೆ ಎಂದು ಅದೇ ಸರಕಾರ ಈ ವರ್ಷ ನನ್ನನ್ನು ದಂಡಿಸಿತು. ಈ ಎರಡು ತೀರ್ಮಾನಗಳ ನಡುವೆ ಸಿಕ್ಕಿಕೊಂಡು ನಾಲ್ಕು ತಿಂಗಳು ನನ್ನ ಪೆನ್ಶನ್ ನಿಂತಿತು. ಅದು ದೊಡ್ಡ ಸಂಗತಿಯಲ್ಲ. ನಾಲ್ಕು ತಿಂಗಳು ಗಂಜಿ ಮತ್ತು ಉಪ್ಪಿನಕಾಯಿಯಲ್ಲಿ ಕಳೆದವರು ಈ ಊರಿನಲ್ಲಿ ನಾನೊಬ್ಬಳೇ ಅಲ್ಲ. ಆದರೆ ತಮ್ಮ ಆದೇಶದ ದೆಸೆಯಿಂದ ಆಗಸ್ಟ್ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದು ತಮ್ಮ ಕಡತದಲ್ಲಿ ಇಲ್ಲ. ಅದನ್ನು ಸೇರಿಸುವುದಕ್ಕಾಗಿ ಈ ಪತ್ರ. ಕಚೇರಿಗೆ ಕಳುಹಿಸದೆ ಪತ್ರಿಕೆಗೆ ಏಕೆ ಕಳುಹಿಸಿದೆ ಎಂದು ತಾವು ಕೇಳಬಹುದು. ಸರಕಾರದ ಕಚೇರಿಗೆ ಹಿಂದೊಮ್ಮೆ ಅರ್ಜಿ ಕಳುಹಿಸಿ ನನಗೆ ಅನುಭವ ಆಗಿದೆ. ಅದನ್ನೂ ಹೇಳುತ್ತೇನೆ.

ನಾನು ಯಾರೆಂದು ತಮಗೆ ನಂಬರಿನಿಂದ ಗೊತ್ತುಂಟು. ಓದುವವರಿಗಾಗಿ ಹೆಸರಿನಿಂದ ಹೇಳಿಕೊಳ್ಳುತ್ತೇನೆ. ನಾನು ಲಿಲ್ಲಿ ತಾವ್ರೊ. ದೇರೆಬೈಲಿನಲ್ಲಿ ಅಣ್ಣ ಆಂಬ್ರೋಸ್ ಮತ್ತು ಅತ್ತಿಗೆ ಜೋನ್ ಜೊತೆ ಇರುವವಳು. ಮದುವೆಯಾಗಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸರಕಾರಿ ನರ್ಸ್ ಆಗಿ ಸೇರಿ ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲೇ ಕಳೆದೆ. ಸೇರುವಾಗ ನಾವು ಮದ್ರಾಸಿನವರು, ಬಿಡುವಾಗ ಮೈಸೂರಿನವರು. ನಾನು ಮಾತ್ರ ಅದೇ ಕಬ್ಬಿಣದ ಮಂಚಗಳ ನಡುವೆ ಇದ್ದೆ. ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ತುಂಬು ಬಸುರಿಯೊಬ್ಬಳನ್ನು ಸ್ಟ್ರೆಚರಿನಲ್ಲಿ ಮೆಟ್ಟಿಲು ಹತ್ತಿಸುವಾಗ ಮುಂದೆ ಹಿಡಿದವನ ಕಾಲು ಜಾರಿತು. ಭಾರ ಅಷ್ಟೂ ಹಿಂದೆ ಹಿಡಿದಿದ್ದ ನನ್ನ ಮೇಲೆ ಬಂತು. ನಾನು ಬಿಡಲಿಲ್ಲ. ಬಸುರಿ ಬೀಳಲಿಲ್ಲ, ಸಂಜೆ ಅವಳಿಗೆ ಗಂಡು ಮಗು ಆಯಿತು. ನನ್ನ ಬೆನ್ನಿನಲ್ಲಿ ಒಣ ಸೌದೆ ಮುರಿದಂಥ ಸದ್ದು ಆಯಿತು.

ಮೂರು ತಿಂಗಳು ಮಲಗಿದೆ. ಎದ್ದ ಮೇಲೆ ನಡೆಯಲಿಕ್ಕೆ ಆಯಿತು, ಕೂರಲಿಕ್ಕೆ ಆಯಿತು. ಬಗ್ಗಲಿಕ್ಕೆ, ಎತ್ತಲಿಕ್ಕೆ, ಹೆಚ್ಚು ಹೊತ್ತು ನಿಲ್ಲಲಿಕ್ಕೆ ಆಗಲಿಲ್ಲ. ಮೂವರು ಡಾಕ್ಟರರ ಮಂಡಳಿ ನನ್ನನ್ನು ಪರೀಕ್ಷಿಸಿತು. ನಾನು ಅವರಲ್ಲಿ ಕೇಳಿದ್ದು ಒಂದೇ: ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಹೊಸದಾಗಿ ಬರುವ ಹುಡುಗಿಯರಿಗೆ ಹೆರಿಗೆಯ ಕೆಲಸ ಕಲಿಸುತ್ತೇನೆ. ಮಂಡಳಿಯ ಅಧ್ಯಕ್ಷರು ಸಜ್ಜನರು. ಕುಳಿತು ಕಲಿಸುವ ಹುದ್ದೆ ಮಂಜೂರಾಗಿಲ್ಲ ಎಂದು ಬೇಸರದಿಂದಲೇ ಹೇಳಿದರು. ಆಮೇಲೆ, ಇಲಾಖೆಯ ಯಾವುದೇ ಬಗೆಯ ಸೇವೆಗೆ ಸಂಪೂರ್ಣವಾಗಿಯೂ ಶಾಶ್ವತವಾಗಿಯೂ ಅಶಕ್ತಳು ಎಂದು ಬರೆದು ಸಹಿ ಹಾಕಿದರು. ಸಂಪೂರ್ಣವಾಗಿ, ಶಾಶ್ವತವಾಗಿ. ನಮ್ಮ ಪಾದ್ರಿಗಳು ಮದುವೆಯ ಪೂಜೆಯಲ್ಲಿ ಕೂಡ ಇಂಥ ಶಬ್ದಗಳನ್ನು ಸ್ವಲ್ಪ ಹಿಂಜರಿದು ಬಳಸುತ್ತಾರೆ.

ಹೀಗೆ ನಾನು ಒಂಬತ್ತು ವರ್ಷ ಮೊದಲೇ ವಿಶ್ರಾಂತಿ ವೇತನದವಳಾದೆ. ಈ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ವಿಶ್ರಾಂತಿಯೂ ಒಂದು ಕಸುಬು, ಅದನ್ನು ಕಲಿಯಬೇಕು, ಅದಕ್ಕೆ ಇಲಾಖೆ ತರಬೇತಿ ಕೊಡುವುದಿಲ್ಲ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು. ಎದ್ದು ಎಂತ ಮಾಡುವುದು? ಮೊದಲ ವಾರ ಮನೆಯ ಎಲ್ಲ ಹಾಸಿಗೆಗಳ ಚಾದರವನ್ನು ಆಸ್ಪತ್ರೆಯ ಹಾಗೆ ಮೂಲೆ ಮಡಚಿ ಬಿಗಿದೆ. ಅಣ್ಣನಿಗೆ ಒಳಗೆ ಕಾಲು ತೂರಿಸಲು ಆಗಲಿಲ್ಲ. ಎರಡನೆಯ ವಾರ ಚಮಚಗಳನ್ನು ಕುದಿಸಿದೆ. ಮೂರನೆಯ ವಾರ ಅಣ್ಣನ ನಾಡಿ ಹಿಡಿದು, ಜ್ವರ ನೋಡಿ, ಕ್ಯಾಲೆಂಡರಿನ ಹಿಂದೆ ಬರೆದಿಡಲು ತೊಡಗಿದೆ. ಅವನಿಗೆ ಜ್ವರ ಇರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಅವನು ತಂಗಿಯ ಕೈಯಿಂದ ತಪ್ಪಿಸಿಕೊಳ್ಳಲು ಅರ್ಧ ಗಂಟೆ ಮೊದಲೇ ಮನೆ ಬಿಡತೊಡಗಿದ. ಜೋನ್ ತಾಳ್ಮೆಯ ಹೆಂಗಸು. ಆದರೂ ಒಂದು ದಿನ ನಾನು ಅವಳ ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿ ತಲೆ ಅಲ್ಲಾಡಿಸಿದಾಗ ಸೌಟು ಕೆಳಗಿಟ್ಟಳು.

"ಲಿಲ್ಲಿ, ಇದು ವಾರ್ಡ್ ಅಲ್ಲ. ಇಲ್ಲಿ ಯಾರಿಗೂ ಎಂತದೂ ಆಗಿಲ್ಲ," ಎಂದಳು.

ಅವಳು ಹೇಳಿದ್ದು ನಿಜ. ಯಾರಿಗೂ ಎಂತದೂ ಆಗದ ಮನೆಯಲ್ಲಿ ನನಗೆ ಯಾವ ಕೆಲಸ ಉಂಟು, ಯಾವ ಜಾಗ ಉಂಟು ಎಂದು ಆ ದಿನವಿಡೀ ಯೋಚಿಸಿದೆ.

ಅಣ್ಣನಿಗೆ ನನ್ನ ಮನಸ್ಸು ಅರ್ಥವಾಯಿತು. ಅವನು ಲೆಕ್ಕದ ಮನುಷ್ಯ, ಹಾಗಾಗಿ ಒಂದು ಯೋಜನೆ ಹಾಕಿದ. ಪೆನ್ಶನಿನ ಒಂದು ಪಾಲನ್ನು ಬಿಟ್ಟುಕೊಟ್ಟರೆ ಸರಕಾರ ಅದರ ಬದಲಿಗೆ ಒಂದೇ ಸಲ ಇಡುಗಂಟು ಕೊಡುತ್ತದೆ. ಅದರಲ್ಲಿ ಮನೆಯ ಮಗ್ಗುಲಿಗೆ ನನಗೆಂದೇ ಒಂದು ಕೋಣೆ ಕಟ್ಟುವುದು, ಉಳಿದ ಪಾಲಿನಲ್ಲಿ ನನ್ನ ಊಟ ಬಟ್ಟೆ ನಡೆಸುವುದು. ಯೋಜನೆ ಒಳ್ಳೆಯದೇ. ಆದರೆ ಇಡುಗಂಟಿಗೆ ಮತ್ತೊಂದು ವೈದ್ಯಕೀಯ ಪರೀಕ್ಷೆ ಆಗಬೇಕಂತೆ. ಅದೇ ಕೋಣೆ, ಅದೇ ಅಧ್ಯಕ್ಷರು. ಹಿಂದಿನ ಸಲ ನಾನು ಕೆಲಸ ಮಾಡಲಾರದಷ್ಟು ಕೆಟ್ಟಿದ್ದೇನೆ ಎಂದು ರುಜುವಾಗಬೇಕಿತ್ತು. ಈ ಸಲ ಬೇಗ ಸಾಯಲಾರದಷ್ಟು ಗಟ್ಟಿಯಾಗಿದ್ದೇನೆ ಎಂದು ರುಜುವಾಗಬೇಕಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, ಬಹುಕಾಲ ಬದುಕುವವಳ ಹಾಗೆ ಕುಳಿತೆ. ಅಧ್ಯಕ್ಷರು ಹಳೆಯ ಕಾಗದ ನೋಡಿದರು. ಶಾಶ್ವತ ಅಶಕ್ತಳು ಎಂದು ತಾವೇ ಬರೆದದ್ದು. ಅದನ್ನು ಈಗ ಹೇಗೆ ಅಲ್ಲಗಳೆಯುವುದು? ನಿಯಮದಲ್ಲಿ ಒಂದು ದಾರಿ ಇತ್ತು. ಆಯುಷ್ಯ ದುರ್ಬಲ ಎಂದು ಕಂಡವರ ವಯಸ್ಸಿಗೆ ಕೆಲವು ವರ್ಷ ಕೂಡಿಸಬಹುದಂತೆ. ಅವರು ನನಗೆ ಎಂಟು ವರ್ಷ ಕೂಡಿಸಿದರು.

ಇಗರ್ಜಿಯ ಜ್ಞಾನಸ್ನಾನದ ಪುಸ್ತಕದ ಪ್ರಕಾರ ನನಗೆ ಆಗ ನಲವತ್ತೇಳು. ಸರಕಾರದ ಪ್ರಕಾರ ಐವತ್ತೈದು. ಒಂದು ಮಧ್ಯಾಹ್ನದಲ್ಲಿ ಎಂಟು ವರ್ಷ ದೊಡ್ಡವಳಾಗಿ ನಾನು ಬಸ್ಸು ಹತ್ತಿ ಮನೆಗೆ ಬಂದೆ. ವಯಸ್ಸಾದವಳಿಗೆ ಇಡುಗಂಟು ಕಡಿಮೆ. ಕೋಣೆಗೆ ಗೋಡೆ ಬಂತು, ಅಣ್ಣನ ಕಾರ್ಖಾನೆಯ ಹಂಚು ಬಂತು, ಬಾಗಿಲು ಬರಲಿಲ್ಲ. ಅಲ್ಲಿ ಇವತ್ತಿಗೂ ಗೋಣಿಯ ಪರದೆ ತೂಗುತ್ತಿದೆ. ಬಾಗಿಲು ಎಲ್ಲಿ ಎಂದು ಯಾರಾದರೂ ಕೇಳಿದರೆ, ನಾನು ಬದುಕದೇ ಕಳೆದ ಎಂಟು ವರ್ಷಗಳಲ್ಲಿ ಹೋಯಿತು ಎನ್ನುತ್ತೇನೆ.

ಕೋಣೆ ಆದರೂ ದಿನ ಕಳೆಯಬೇಕಲ್ಲ. ಮೀನು ತರುವ ಕೆಲಸವನ್ನು ಜೋನ್ ನನಗೆ ಬಿಟ್ಟಳು. ಅವಳಿಗೆ ಮೀನಿನ ಆಸೆಗಿಂತ ಮೂರು ಗಂಟೆ ನಾನು ಮನೆಯಲ್ಲಿ ಇರುವುದಿಲ್ಲ ಎಂಬ ಆಸೆ ಹೆಚ್ಚಿತ್ತೆಂದು ನನ್ನ ಊಹೆ. ಬಂದರಿನ ಮಾರುಕಟ್ಟೆಯಲ್ಲಿ ನಾನು ಲಕ್ಷ್ಮೀ ಎಂಬವಳ ಹತ್ತಿರವೇ ತೆಗೆದುಕೊಳ್ಳುತ್ತಿದ್ದೆ. ಬಾಯಿ ಜೋರು, ತೂಕ ಸರಿ. ಅವಳದು ಬೆಂಗ್ರೆ. ತಾವು ಅದನ್ನು ಭೂಪಟದಲ್ಲಿ ನೋಡಿರಬಹುದು: ಆಚೆ ಸಮುದ್ರ, ಈಚೆ ಹೊಳೆ, ನಡುವೆ ಮರಳಿನ ಒಂದು ಪಟ್ಟಿ, ಅದರ ಮೇಲೆ ದೋಣಿ, ಬಲೆ, ಜನ. ದೋಣಿ ನಿಲ್ಲುವ ನಮ್ಮ ದಕ್ಕೆಯಲ್ಲಿ ನಿಂತರೆ ಅಲ್ಲಿ ಒಣಗಲು ಹಾಕಿದ ಸೀರೆಯ ಬಣ್ಣ ಕೂಡ ಕಾಣುತ್ತದೆ. ಇಷ್ಟು ಹತ್ತಿರ. ಆದರೆ ಹೆರಿಗೆ ನೋವು ಬಂದವಳಿಗೆ ಆ ಹೊಳೆ ಎಷ್ಟು ಅಗಲ ಎಂಬುದು ಭೂಪಟದಲ್ಲಿ ಇಲ್ಲ.

೧೯೫೮ರ ಆಗಸ್ಟಿನ ಒಂದು ಬೆಳಿಗ್ಗೆ ಲಕ್ಷ್ಮೀಯ ಜಾಗ ಖಾಲಿ ಇತ್ತು. ಅವಳ ಸೊಸೆ ಅಪ್ಪಿಗೆ ನಿನ್ನೆಯಿಂದ ನೋವು, ಇನ್ನೂ ಆಗಿಲ್ಲ ಎಂದು ಪಕ್ಕದಲ್ಲಿ ಒಣಮೀನು ಮಾರುವವಳು ಹೇಳಿದಳು. ಹತ್ತಿರ ಯಾರಿದ್ದಾರೆ ಎಂದು ಕೇಳಿದೆ. ಹೆರಿಗೆ ನೋಡುತ್ತಿದ್ದ ಅಜ್ಜಿ ಹೋದ ವರ್ಷ ತೀರಿಕೊಂಡಿದ್ದಳಂತೆ. ಸರಕಾರಿ ಮಿಡ್‌ವೈಫ್ ಇಲ್ಲವಾ ಎಂದೆ. ಅವಳಿಗೆ ನಗು ಬಂತು. ಬೆಂಗ್ರೆಗೆ ಮಿಡ್‌ವೈಫ್ ಹುದ್ದೆ ಮಂಜೂರಾಗಿ ನಾಲ್ಕು ವರ್ಷವಾಗಿತ್ತು. ಹುದ್ದೆ ಕ್ಷೇಮವಾಗಿತ್ತು, ಅದರಲ್ಲಿ ಮನುಷ್ಯರು ಇರಲಿಲ್ಲ. ನನ್ನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ನಾನು ದಕ್ಕೆಗೆ ಇಳಿದು ದೋಣಿ ಹತ್ತಿದೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಇದನ್ನು ತಾವು ಗುರುತು ಹಾಕಿಕೊಳ್ಳಬಹುದು.

ಅಪ್ಪಿ ಚಾಪೆಯ ಮೇಲೆ ಇದ್ದಳು. ಹತ್ತೊಂಬತ್ತು ವರ್ಷ, ಚೊಚ್ಚಲು. ಹೊಟ್ಟೆ ಮುಟ್ಟಿ ನೋಡಿದೆ. ಮಗು ತಲೆ ಮೇಲಾಗಿ ಕುಳಿತಿತ್ತು. ಹೊಳೆ ತುಂಬಿ ಹರಿಯುತ್ತಿತ್ತು, ಆ ಸ್ಥಿತಿಯಲ್ಲಿ ಅವಳನ್ನು ದೋಣಿಗೆ ಹಾಕುವ ಧೈರ್ಯ ಬರಲಿಲ್ಲ. ಆದರೆ ನೆಲದ ಮೇಲಿನ ಚಾಪೆಗೆ ನನ್ನ ಬೆನ್ನು ಬಗ್ಗುವುದಿಲ್ಲ. ಮಂಡಳಿ ಹೇಳಿದ್ದು ಅಷ್ಟರಮಟ್ಟಿಗೆ ಸತ್ಯ. ಮೀನಿನ ಬುಟ್ಟಿಯೊಂದನ್ನು ಮಗುಚಿ, ಮೇಲೆ ಹಲಗೆ ಇಟ್ಟು ಕೂತೆ. ಲಕ್ಷ್ಮೀಗೆ ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆಯಲು ಹೇಳಿದೆ.

"ನನಗೆ ಬಗ್ಗಲಿಕ್ಕೆ ಆಗುವುದಿಲ್ಲ," ಎಂದೆ ಅವಳಿಗೆ. "ಕಣ್ಣು ನನ್ನದು, ಕೈ ನಿನ್ನದು. ನಾನು ಹೇಳಿದ್ದಕ್ಕಿಂತ ಹೆಚ್ಚಿಗೆ ಒಂದು ಬೆರಳೂ ಅಲ್ಲಾಡಿಸಬೇಡ."

ಕಾಲು ಬಂತು, ಸೊಂಟ ಬಂತು. ಹೆದರಿದವರು ಈ ಹೊತ್ತಿನಲ್ಲಿ ಎಳೆಯುತ್ತಾರೆ. ಎಳೆದರೆ ಮಗು ಹೋಗುತ್ತದೆ. ಲಕ್ಷ್ಮೀಯ ಕೈ ಎಳೆಯಲು ಮುಂದಾದಾಗ ನಾನು ಬೈದ ಬೈಗಳನ್ನು ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಯಾರಿಗೂ ಬೈದಿರಲಿಲ್ಲ. ಅವಳು ಕೈ ಹಿಂದೆ ತೆಗೆದಳು. ಕಾದೆವು. ಆಮೇಲೆ ಮಗುವನ್ನು ಎಲ್ಲಿ ಹಿಡಿಯಬೇಕು, ಎಷ್ಟು ಎತ್ತಬೇಕು ಎಂದು ಒಂದೊಂದಾಗಿ ಹೇಳಿದೆ, ಅವಳು ಒಂದೊಂದಾಗಿ ಮಾಡಿದಳು. ಹನ್ನೊಂದು ಗಂಟೆಗೆ ಹೆಣ್ಣು ಮಗು. ನೀಲಿಯಾಗಿ ಹುಟ್ಟಿತು, ಬಾಯಿ ಒರೆಸಿ ಮೈ ಉಜ್ಜಿದ ಮೇಲೆ ಕೆಂಪಾಗಿ ಅತ್ತಿತು. ಲಕ್ಷ್ಮೀ ತನ್ನ ಎರಡು ಕೈಗಳನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿದಳು. ನಾನು ಆ ದಿನ ಮೀನು ಇಲ್ಲದೆ ಮನೆಗೆ ಹೋದೆ. ಜೋನ್ ನನ್ನ ಮುಖ ನೋಡಿ ಊಟ ಬಡಿಸಿದಳು. ಉಂಡು ಮಲಗಿದವಳಿಗೆ ಗಾಢ ನಿದ್ದೆ ಬಂತು. ಒಂದು ವರ್ಷದಿಂದ ತಾವು ಯಾವ ವಿಶ್ರಾಂತಿಗೆ ವೇತನ ಕೊಡುತ್ತಿದ್ದಿರೋ ಅದು ನನಗೆ ಮೊದಲ ಸಲ ಸಿಕ್ಕಿದ್ದು ಆ ಮಧ್ಯಾಹ್ನ.

ಆಮೇಲೆ ಮಂಗಳವಾರ ಮತ್ತು ಶುಕ್ರವಾರ ನಾನು ಬೆಂಗ್ರೆಗೆ ಹೋಗುವುದು ರೂಢಿಯಾಯಿತು. ಬಸುರಿಯರನ್ನು ನೋಡುವುದು, ಕಷ್ಟ ಆಗಬಹುದು ಅನಿಸಿದವರನ್ನು ದಿನ ತುಂಬುವ ಮೊದಲೇ ಆಸ್ಪತ್ರೆಗೆ ದಾಟಿಸುವುದು, ಉಳಿದವರ ಹೆರಿಗೆಗೆ ಬುಟ್ಟಿಯ ಮೇಲೆ ಕೂತು ಲಕ್ಷ್ಮೀಗೆ ಹೇಳಿಕೊಡುವುದು. ಮೊಗವೀರರ ಮನೆಗೂ ಹೋದೆ, ಬ್ಯಾರಿಗಳ ಮನೆಗೂ ಹೋದೆ. ದೋಣಿಯ ಉಮರಬ್ಬ ನನ್ನಿಂದ ಕಡವಿನ ಕಾಸು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದ. ಅವನ ಹೆಂಡತಿ ಸುಹರಾಳ ಮೊದಲ ಮಗು ಹುಟ್ಟಿದ್ದು ಹೀಗೆಯೇ. ಹಣ ಯಾರೂ ಕೊಟ್ಟದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ವಾಪಸು ಬರುವಾಗ ಚೀಲದಲ್ಲಿ ಯಾರಾದರೂ ನಾಲ್ಕು ಬಂಗುಡೆ ಮೀನು ಹಾಕಿರುತ್ತಿದ್ದರು. ಬೇಡ ಎಂದರೆ ಸಿಟ್ಟಾಗುತ್ತಿದ್ದರು.

ಎರಡೂವರೆ ವರ್ಷ ಹೀಗೆ ನಡೆಯಿತು. ದೋಣಿ ಹತ್ತಿ ಇಳಿದು ನನ್ನ ಬೆನ್ನು ಮತ್ತೆ ನೋಯತೊಡಗಿತು. ನಾನು ಇಲ್ಲದಾಗಲೂ ನಡೆಯಬೇಕಲ್ಲ ಎಂದು ಈ ಜನವರಿಯಲ್ಲಿ ಆರೋಗ್ಯ ಇಲಾಖೆಗೆ ಒಂದು ಅರ್ಜಿ ಬರೆದೆ: ಬೆಂಗ್ರೆಯ ಮಿಡ್‌ವೈಫ್ ಹುದ್ದೆಯನ್ನು ತುಂಬಿಸಿಕೊಡಬೇಕು. ಸುಮ್ಮನೆ ಹೇಳಿದರೆ ಆಗುವುದಿಲ್ಲ, ಪಟ್ಟಿ ಲಗತ್ತಿಸಿದರೆ ನಂಬುತ್ತಾರೆ ಎಂದ ಅಣ್ಣ. ಎರಡು ಸಂಜೆ ಕೂತು ತನ್ನ ಚಂದದ ಅಕ್ಷರದಲ್ಲಿ ಅವನೇ ಪಟ್ಟಿ ಬರೆದ. ನಲವತ್ತಮೂರು ಹೆರಿಗೆ; ತಾಯಿಯ ಹೆಸರು, ತಾರೀಕು, ಮಗುವಿನ ಸ್ಥಿತಿ, ಹೆರಿಗೆ ನೋಡಿಕೊಂಡವರು ಲಿಲ್ಲಿ ತಾವ್ರೊ. ಅಣ್ಣ ಹೇಳಿದ್ದು ಸರಿ. ಇಲಾಖೆಯವರು ನಂಬಿದರು. ಇಷ್ಟು ನಂಬುತ್ತಾರೆಂದು ನಮಗೆ ಗೊತ್ತಿರಲಿಲ್ಲ.

ಮಿಡ್‌ವೈಫ್ ಬರಲಿಲ್ಲ. ಮಾರ್ಚಿನಲ್ಲಿ ತಮ್ಮ ಮೆಮೊ ಬಂತು. ಆರೋಗ್ಯ ಇಲಾಖೆಯವರು ನನ್ನ ಅರ್ಜಿಯನ್ನು ಮುಂದಿನ ಕ್ರಮಕ್ಕಾಗಿ ತಮಗೆ ಕಳುಹಿಸಿದ್ದರು. ಒಂದು ಅರ್ಜಿಯಲ್ಲಿ ಎರಡು ವಿಷಯ ಇದ್ದರೆ, ಸರಕಾರಕ್ಕೆ ಖರ್ಚಾಗುವ ವಿಷಯವನ್ನು ಬಿಟ್ಟು ಉಳಿತಾಯವಾಗುವ ವಿಷಯವನ್ನು ಎತ್ತಿಕೊಂಡ ಆ ಗುಮಾಸ್ತರ ಬುದ್ಧಿಗೆ ನನ್ನ ನಮಸ್ಕಾರ. ಸಂಪೂರ್ಣ ಅಶಕ್ತಳೆಂದು ಪೆನ್ಶನ್ ಪಡೆಯುತ್ತಿರುವ ತಾವು ನಲವತ್ತಮೂರು ಹೆರಿಗೆಗಳನ್ನು ಮಾಡಿಸಿದ್ದಾಗಿ ತಮ್ಮ ಅರ್ಜಿಯಿಂದಲೇ ತಿಳಿದುಬಂದಿದೆ, ಪೆನ್ಶನನ್ನು ಏಕೆ ರದ್ದು ಮಾಡಬಾರದು ಎಂದು ಮೆಮೊ ಕೇಳಿತ್ತು. ಪ್ರತಿಫಲವಾಗಿ ಹಣ ಅಥವಾ ವಸ್ತು ಪಡೆದಿದ್ದರೆ ವಿವರ ಕೊಡಬೇಕಿತ್ತು. ನಾನು ಬಂಗುಡೆಯ ಸಂಗತಿಯನ್ನು ಮುಚ್ಚಿಡದೆ ಬರೆದೆ. ತಾವು ಮರುಟಪಾಲಿನಲ್ಲಿ ಅವುಗಳ ಅಂದಾಜು ತೂಕ ಕೇಳಿದಿರಿ. ಎರಡೂವರೆ ವರ್ಷ ಹಿಂದೆ ತಿಂದ ಮೀನನ್ನು ತೂಗುವ ತಕ್ಕಡಿ ತಮ್ಮ ಕಚೇರಿಯಲ್ಲಿ ಇದ್ದರೆ, ನಾನು ಅಲ್ಲಿಗೆ ಬಂದು ನೋಡಲು ಸಿದ್ಧಳಿದ್ದೆ. ವಿಚಾರಣೆ ಮುಗಿಯುವ ತನಕ ಪೆನ್ಶನ್ ತಡೆಹಿಡಿಯಲಾಗಿದೆ ಎಂದು ಕೊನೆಯ ಸಾಲು ಹೇಳಿತ್ತು.

ಮೇ ತಿಂಗಳಲ್ಲಿ ತಾವು ಚಿತ್ತರಂಜನ ಎಂಬ ತರುಣ ಇನ್ಸ್‌ಪೆಕ್ಟರನ್ನು ವಿಚಾರಣೆಗೆ ಕಳುಹಿಸಿದಿರಿ. ಅವನ ಮೇಲೆ ನನ್ನ ದೂರು ಇಲ್ಲ. ಮೊದಲ ಸಲ ದೋಣಿ ಹತ್ತಿದವನು ಕಡತವನ್ನು ಮಂಡಿಗಳ ನಡುವೆ ಒತ್ತಿಕೊಂಡು, ಎರಡು ಕೈಯಲ್ಲಿ ದೋಣಿಯ ಅಂಚು ಹಿಡಿದು, ಕಣ್ಣು ಮುಚ್ಚಿ ದಾಟಿದ. ನಾನು ಮಾತಾಡಬಾರದೆಂದು ನಿಯಮ ಇದ್ದುದರಿಂದ ಉಮರಬ್ಬ ತುಳುವಿನಿಂದ ಕನ್ನಡಕ್ಕೆ ಹೇಳಿದ. ಬೆಂಗ್ರೆಯವರು ನನ್ನನ್ನು ಕರೆಯುವುದು ಬಾಯಮ್ಮ ಎಂದು. ಬಾಯಮ್ಮ ಇಲ್ಲಿ ಎಂತ ಕೆಲಸ ಮಾಡುತ್ತಾರೆ ಎಂದು ಲಕ್ಷ್ಮೀಯನ್ನು ಕೇಳಲಾಯಿತು. ಅವಳಿಗೆ ನನ್ನನ್ನು ಉಳಿಸಬೇಕೆಂದು ಗೊತ್ತಿತ್ತು. ಸುಳ್ಳು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

"ಬಾಯಮ್ಮ ಕೆಲಸ ಮಾಡುವುದೇ ಇಲ್ಲ," ಎಂದಳು. "ಬುಟ್ಟಿಯ ಮೇಲೆ ಕೂತು ಬೈಯ್ತಾರೆ. ಕೆಲಸ ಎಲ್ಲ ನಮ್ಮದು."

ಅವನು ಅದನ್ನು ಅಕ್ಷರಶಃ ಬರೆದುಕೊಂಡ. ವಾಪಸು ಬರುವಾಗ, ನಿಮಗೆ ಅನುಕೂಲವಾಗುವ ಹಾಗೆಯೇ ವರದಿ ಮಾಡುತ್ತೇನೆ ಸಿಸ್ಟರ್ ಎಂದು ನನಗೆ ಮೆಲ್ಲನೆ ಹೇಳಿದ. ಹಾಗೆಯೇ ಮಾಡಿದ. ಆ ವರದಿಯ ಮೇಲೆ ಜೂನ್ ತಿಂಗಳಲ್ಲಿ ತಾವು ಕೊಟ್ಟ ಆದೇಶವನ್ನು ನಾನು ಮೂರು ಸಲ ಓದಿದೆ. ಅದರಲ್ಲಿ ಹೀಗಿತ್ತು: ಕುಳಿತುಕೊಂಡು ಇತರರಿಗೆ ನಿರ್ದೇಶನ ನೀಡುವುದು ಮೇಲ್ವಿಚಾರಣೆ ಎನಿಸುತ್ತದೆ. ಮೇಲ್ವಿಚಾರಣೆಯು ನರ್ಸ್ ದರ್ಜೆಗಿಂತ ಮೇಲಿನ ಕರ್ತವ್ಯ. ಆದುದರಿಂದ ಸದರಿಯವರು ತಮ್ಮ ಹಿಂದಿನ ಹುದ್ದೆಗೆ ಮಾತ್ರವಲ್ಲ, ಅದಕ್ಕಿಂತ ಮೇಲಿನ ಹುದ್ದೆಗೂ ಶಕ್ತರಿರುವಂತೆ ಕಂಡುಬರುತ್ತದೆ. ಇಪ್ಪತ್ತೆರಡು ವರ್ಷ ಕಾದರೂ ಸಿಗದ ಬಡ್ತಿಯನ್ನು ಮೀನಿನ ಬುಟ್ಟಿಯ ಮೇಲೆ ಕೂತು ಪಡೆದೆ. ನಾನು ಕೈಮುಗಿದು ಕೇಳಿದಾಗ ಕುಳಿತು ಕಲಿಸುವ ಹುದ್ದೆಯೇ ಇಲ್ಲ ಎಂದಿರಿ. ಸಂಬಳವಿಲ್ಲದೆ ಅದೇ ಕೆಲಸ ಮಾಡಿದಾಗ ಅದು ಅಪರಾಧವಾಗಿ ಸಿಕ್ಕಿತು. ಹಾಗಾದರೆ ನನ್ನನ್ನು ಮೇಟ್ರನ್ ಆಗಿ ಮರಳಿ ಕರೆಯುತ್ತೀರಾ? ಅದಕ್ಕೆ ಆದೇಶದಲ್ಲಿ ಉತ್ತರ ಇರಲಿಲ್ಲ. ಇನ್ನು ಮುಂದೆ ಬೆಂಗ್ರೆಗೆ ಹೋಗುವುದಿಲ್ಲ, ಯಾವ ಹೆರಿಗೆಯನ್ನೂ ನೋಡುವುದಿಲ್ಲ, ಸಲಹೆಯನ್ನೂ ಕೊಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ದಯಾಪೂರ್ವಕವಾಗಿ ಪೆನ್ಶನ್ ಬಿಡುಗಡೆ ಮಾಡಲಾಗುವುದು ಎಂದಷ್ಟೇ ಇತ್ತು.

ನನಗೆ ಬರೆದುಕೊಡುವ ಮನಸ್ಸು ಇರಲಿಲ್ಲ. ಆದರೆ ಅಣ್ಣ ನನ್ನ ಗೋಣಿ ಪರದೆಯ ಹೊರಗೆ ಬಂದು ನಿಂತ. ಅವನ ಕಾರ್ಖಾನೆಯಲ್ಲಿ ಪೆನ್ಶನ್ ಎಂಬುದು ಇಲ್ಲ.

"ನನಗೆ ಇನ್ನು ಎರಡು ವರ್ಷ, ಲಿಲ್ಲಿ. ಆಮೇಲೆ ಈ ಮನೆಗೆ ಬರುವುದು ನಿನ್ನದೊಂದೇ," ಎಂದ. ಅವನ ದನಿಯಲ್ಲಿ ಆಸೆ ಇರಲಿಲ್ಲ, ಹೆದರಿಕೆ ಇತ್ತು. ನಾನು ಸಹಿ ಹಾಕಿದೆ. ತಾವು ಹೇಳಿದ ಹಾಗೆ ನಡೆದುಕೊಂಡಿರಿ, ಜುಲೈಯಲ್ಲಿ ಪೆನ್ಶನ್ ಬಂತು. ಮಂಗಳವಾರ, ಶುಕ್ರವಾರ ಬಂದಾಗ ನಾನು ಕೋಣೆಯಲ್ಲಿ ಕೂತು ಹಳೆಯ ಚಾದರಗಳನ್ನು ಹೊಲಿದೆ.

ಆಗಸ್ಟ್ ತಿಂಗಳ ಒಂದು ಗುರುವಾರ, ಊಟದ ಹೊತ್ತಿಗೆ ಉಮರಬ್ಬ ಬಂದ. ದಕ್ಕೆಯಿಂದ ದೇರೆಬೈಲಿನವರೆಗೆ ಮಳೆಯಲ್ಲಿ ನಡೆದೇ ಬಂದಿದ್ದ. ಅಂಗಳದಲ್ಲೇ ನಿಂತು ಹೇಳಿದ. ಸುಹರಾಳಿಗೆ ನೋವು ಸುರುವಾಗಿದೆ. ಲಕ್ಷ್ಮೀ ಮೀನು ಮಾರಲು ಹೋದವಳು ಎಲ್ಲೂ ಸಿಕ್ಕಲಿಲ್ಲ. ಮನೆಯಲ್ಲಿ ಇರುವುದು ಚಿಕ್ಕಮ್ಮ ಝುಬೈದಾ ಒಬ್ಬಳೇ; ತಲೆ ಇರಬೇಕಾದಲ್ಲಿ ತಲೆ ಇಲ್ಲ ಎಂದು ಅವಳಿಗೆ ಅನುಮಾನ. ನೀವೊಮ್ಮೆ ಬನ್ನಿ ಬಾಯಮ್ಮ ಎಂದ.

ನಾನು ಬರುವ ಹಾಗಿಲ್ಲ ಎಂದೆ. ಬರೆದುಕೊಟ್ಟಿದ್ದೇನೆ, ಅವಳನ್ನು ಬೇಗ ಆಸ್ಪತ್ರೆಗೆ ದಾಟಿಸು ಎಂದೆ. ಅವನು ಎಂತ ಬರೆದುಕೊಟ್ಟದ್ದು ಎಂದು ಕೇಳಲಿಲ್ಲ. ಮಳೆಯಲ್ಲೇ ತಿರುಗಿ ನಡೆದ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ, ಆಮೇಲಿನ ಬೆಂಗ್ರೆಯ ವರ್ಷಗಳಲ್ಲಿ, ನೋವು ಬಂದವಳ ಕಡೆಯಿಂದ ಬಂದವರನ್ನು ನಾನು ಬರಿಗೈಯಲ್ಲಿ ಕಳುಹಿಸಿದ್ದು ಅದೇ ಮೊದಲು. ಒಳಗೆ ಬಂದು ಊಟಕ್ಕೆ ಕೂತೆ. ಜೋನ್ ಬಡಿಸಲಿಲ್ಲ. ಅವಳೂ ಎಲ್ಲ ಕೇಳಿಸಿಕೊಂಡಿದ್ದಳು.

ಮುಂದಿನದು ಮಾರುಕಟ್ಟೆಯಲ್ಲಿ ಲಕ್ಷ್ಮೀಯಿಂದ ತಿಳಿಯಿತು. ಉಮರಬ್ಬ ಸುಹರಾಳನ್ನು ತನ್ನದೇ ದೋಣಿಯಲ್ಲಿ ಮಲಗಿಸಿಕೊಂಡು ಹೊರಟ. ಮಳೆಯ ನೀರು ದೋಣಿಯನ್ನು ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಗೆ ಸೆಳೆಯಿತು, ದಾಟಲು ಎಂದಿಗಿಂತ ಮೂರು ಪಟ್ಟು ಹೊತ್ತು ಹಿಡಿಯಿತು. ನಡುಹೊಳೆಯಲ್ಲಿ ಮಗುವಿನ ಕಾಲು ಹೊರಗೆ ಬಂತು. ಝುಬೈದಾ ಹೆದರಿದಳು. ಹೆದರಿ ಎಳೆದಳು. ದೋಣಿ ದಕ್ಕೆ ಮುಟ್ಟುವಾಗ ಗಂಡು ಮಗು ಹುಟ್ಟಿತ್ತು, ಉಸಿರು ಇರಲಿಲ್ಲ. ಸುಹರಾ ಉಳಿದಳು. ಲಕ್ಷ್ಮೀ ನನ್ನ ಚೀಲಕ್ಕೆ ಮೀನು ಹಾಕದೆ ಇಷ್ಟನ್ನು ಹೇಳಿದಳು.

"ನಾನೂ ಇರಲಿಲ್ಲ, ನೀವೂ ಇರಲಿಲ್ಲ," ಎಂದಳು. "ಎಳೆಯಬೇಡ ಅನ್ನಲಿಕ್ಕೆ ಯಾರೂ ಇರಲಿಲ್ಲ."

ನಾನು ಹೋಗಿದ್ದರೆ ಮಗು ಖಂಡಿತ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಬಾರದೆಂದು ನಮಗೆ ಕಲಿಸಿದ್ದಾರೆ. ಆದರೆ ಹೀಗೆ ಕಾಲು ಮುಂದಾಗಿ ಬಂದ ಐದು ಮಕ್ಕಳು ಆ ಮರಳಿನ ಮೇಲೆ ಇವತ್ತು ಓಡುತ್ತಿವೆ ಎಂದು ಮಾತ್ರ ಹೇಳಬಲ್ಲೆ.

ಎರಡು ದಿನದ ಮೇಲೆ ಸುಹರಾಳನ್ನು ನೋಡಲು ವಾರ್ಡಿಗೆ ಹೋದೆ. ನನ್ನ ಹಳೆಯ ವಾರ್ಡು. ಅವಳು ಬೈಯಬಹುದು, ಬೈದರೆ ಒಳ್ಳೆಯದು ಅಂದುಕೊಂಡಿದ್ದೆ. ಅವಳು ಬೈಯಲಿಲ್ಲ. ನನ್ನನ್ನು ನೋಡಿ, ನನ್ನ ಕೈ ಹಿಡಿದು ಎದ್ದು ಕೂರಲು ಪ್ರಯತ್ನಿಸಿದಳು.

"ನಿಮಗೆ ಮೈ ಸರಿ ಇರಲಿಲ್ಲವಾ ಬಾಯಮ್ಮ?" ಎಂದು ಕೇಳಿದಳು.

ಮಾನ್ಯರೇ, ಹೌದು ಎನ್ನುವುದಕ್ಕೆ ನನ್ನ ಬಳಿ ಮೂವರು ಡಾಕ್ಟರರ ಸಹಿ ಇತ್ತು. ಆದರೆ ಅದು ಆ ಮಂಚದ ಹತ್ತಿರ ಉಪಯೋಗಕ್ಕೆ ಬರಲಿಲ್ಲ. ಮೈ ಸರಿ ಇತ್ತು, ಪೆನ್ಶನ್ ಹೋಗುತ್ತದೆಂದು ಬರಲಿಲ್ಲ ಎಂದು ಇದ್ದದ್ದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದಳು. ಆಮೇಲೆ ಕೈ ಬಿಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅದರ ನಂತರ ಅವಳು ನನ್ನ ಜೊತೆ ಮಾತಾಡಿಲ್ಲ. ಅದು ಅವಳ ಹಕ್ಕು.

ಮನೆಗೆ ಬಂದು ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಪೆನ್ಶನ್ ಹೋದರೆ ಜೋನ್ ಮತ್ತು ನಾನು ಹೊಲಿಗೆ ಮಾಡಿ ಹೇಗೋ ನಡೆಸುತ್ತೇವೆ ಎಂದೆ. ಅವನು ಎದ್ದು ಹೋಗಿ ತನ್ನ ಲೇಖನಿಯನ್ನೂ ಕಾರ್ಖಾನೆಯ ಒಳ್ಳೆಯ ಕಾಗದವನ್ನೂ ತಂದು ನನ್ನ ಮುಂದೆ ಇಟ್ಟ.

"ಬರೆ. ಈ ಸಲ ಪಟ್ಟಿ ಲಗತ್ತಿಸಬೇಡ," ಎಂದ.

ಆದುದರಿಂದ, ಮಾನ್ಯರೇ, ಜುಲೈಯಲ್ಲಿ ನಾನು ಬರೆದುಕೊಟ್ಟ ಮುಚ್ಚಳಿಕೆಯನ್ನು ಈ ಪತ್ರದ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕಳೆದ ಮಂಗಳವಾರದಿಂದ ಮತ್ತೆ ಬೆಂಗ್ರೆಗೆ ಹೋಗುತ್ತಿದ್ದೇನೆ. ನನ್ನ ಬೇಡಿಕೆ ಪೆನ್ಶನಿನದ್ದಲ್ಲ. ಅದನ್ನು ಕೊಡುವುದೂ ಬಿಡುವುದೂ ತಮ್ಮ ನಿಯಮಗಳಿಗೆ ಬಿಟ್ಟದ್ದು. ನಿಲ್ಲಿಸುವುದಾದರೆ ಯಾವ ಕಾರಣಕ್ಕೆಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿ, ನಾನು ಚೌಕಟ್ಟು ಹಾಕಿಸಿ ಇಡುತ್ತೇನೆ. ಬೇಡಿಕೆ ಏನೆಂದರೆ, ಏಳು ವರ್ಷದಿಂದ ಖಾಲಿ ಇರುವ ಬೆಂಗ್ರೆಯ ಮಿಡ್‌ವೈಫ್ ಹುದ್ದೆಗೆ ಒಬ್ಬ ಹೆಂಗಸನ್ನು ಕಳುಹಿಸಿ. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ದಯವಿಟ್ಟು ಬರೆಯಬೇಡಿ. ನನ್ನ ಅರ್ಜಿ ಆರೋಗ್ಯ ಇಲಾಖೆಯಿಂದ ತಮ್ಮ ಮೇಜಿಗೆ ಬಂದ ದಾರಿ ತಮಗೆ ಗೊತ್ತುಂಟು. ಅದೇ ದಾರಿಯಲ್ಲಿ ಈ ಪತ್ರಿಕೆಯನ್ನು ಅಲ್ಲಿಗೆ ವಾಪಸು ಕಳುಹಿಸಿ. ಅವಳು ಬಂದ ದಿನ ನಾನು ಅವಳ ಕೈಯನ್ನು ಲಕ್ಷ್ಮೀಯ ಕೈಗೆ ಒಪ್ಪಿಸಿ ಮನೆಯಲ್ಲಿ ಕೂರುತ್ತೇನೆ. ವಿಶ್ರಾಂತಿಯನ್ನು ಮತ್ತೆ ಮೊದಲಿನಿಂದ ಕಲಿಯುತ್ತೇನೆ.

ಈ ತಿಂಗಳು ಬೆಂಗ್ರೆಯಲ್ಲಿ ಮೂವರಿಗೆ ದಿನ ತುಂಬುತ್ತದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಚೇರಿಯ ಆದೇಶ ಟೈಪಾಗಿ, ಸಹಿಯಾಗಿ, ಅಂಚೆಗೆ ಬೀಳುವವರೆಗೆ ಕಾಯಲು ಆಗುತ್ತದಾ ಎಂದು ನಾನು ಅವರನ್ನು ಕೇಳಿ ನೋಡಿದೆ. ಮೂವರೂ ಆಗುವುದಿಲ್ಲ ಎಂದರು.

ಇಂತಿ,
ಆಗಸ್ಟ್ ತಿಂಗಳ ಆ ಗುರುವಾರದವರೆಗೆ ತಮ್ಮ ವಿಧೇಯಳಾಗಿದ್ದ
ಲಿಲ್ಲಿ ತಾವ್ರೊ
ನಿವೃತ್ತ ನರ್ಸ್